ಮನೆಯಲ್ಲಿ ಕಟ್ಟಿದ ಆಟ ಪುಸ್ತಕವಾಗುವ ಮುನ್ನ: ಪರವಾನಗಿ, ಮುದ್ರಣ, ಮಾರಾಟ

"ನಾವು ನಾಲ್ಕೈದು ಜನ ಸೇರಿ ಎರಡು ವರ್ಷದಿಂದ ಆಡುತ್ತಿರುವ ಸಾಹಸವೊಂದಿದೆ. ಅದನ್ನು ಪುಸ್ತಕ ಮಾಡಿ ಮಾರಬಹುದೇ? ಯಾರಾದರೂ ನೋಟಿಸ್ ಕಳಿಸುತ್ತಾರೆಯೇ?" ಮಂಗಳೂರು, ಮಣಿಪಾಲ, ಉಡುಪಿಯ ಆಟಗಾರರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ. ಹೌದು, ಮಾರಬಹುದು. ಆದರೆ ಪುಸ್ತಕದೊಳಗಿನ ಪ್ರತಿಯೊಂದು ನಿಯಮ, ಚಿತ್ರ, ಹೆಸರು, ಅಕ್ಷರ ಎಲ್ಲಿಂದ ಬಂತು, ಯಾರ ಅನುಮತಿಯಿಂದ ಬಂತು ಎಂಬುದು ನಿಮ್ಮ ಬಳಿ ಬರಹದಲ್ಲಿ ಇರಬೇಕು. ಅಷ್ಟಿದ್ದರೆ ನೋಟಿಸ್ ಬಂದರೂ ನಿದ್ದೆ ಕೆಡಬೇಕಾಗಿಲ್ಲ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ಪಾತ್ರಾಭಿನಯ ಆಟ, ಅಂದರೆ ಆರ್‌ಪಿಜಿ, ನಮ್ಮ ತಾಳಮದ್ದಳೆಗೆ ತುಂಬ ಹತ್ತಿರದ್ದು. ಪ್ರಸಂಗ ಮೊದಲೇ ಗೊತ್ತಿರುತ್ತದೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಮಾತು ಎತ್ತ ಹೊರಳುತ್ತದೆ ಎಂಬುದು ಆ ರಾತ್ರಿಗೆ ಬಿಟ್ಟದ್ದು. ಇಲ್ಲಿ ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾರೆ. ಸಂದೇಹ ಬಂದ ಕಡೆ ದಾಳ ತೀರ್ಮಾನಿಸುತ್ತದೆ. ಸ್ವಂತವಾಗಿ ಕಟ್ಟಿಕೊಂಡ ನಿಯಮ, ಲೋಕ, ಸಾಹಸಗಳಿಗೆ ಆಟಗಾರರು ಹೋಂಬ್ರೂ ಎನ್ನುತ್ತಾರೆ.

ಶುರುಮಾಡಲು ಬೇಕಾದದ್ದು ಹೆಚ್ಚೇನಿಲ್ಲ: ಪ್ಯಾನ್ ಕಾರ್ಡ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಪುಟ ಕಟ್ಟಲು ಒಂದು ಕಂಪ್ಯೂಟರ್, ಒಂದು ನೋಟುಪುಸ್ತಕ. ನೋಟುಪುಸ್ತಕದ ಮೊದಲ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ವಸ್ತು, ಮೂಲ, ಪರವಾನಗಿ, ದಾಖಲೆ ಎಲ್ಲಿದೆ. ಇದನ್ನು ಹಕ್ಕಿನ ಪಟ್ಟಿ ಎಂದು ಕರೆಯುತ್ತೇನೆ. ಮುಂದಿನ ಪ್ರತಿ ಹಂತದಲ್ಲೂ ಇದಕ್ಕೆ ಒಂದೆರಡು ಸಾಲು ಸೇರುತ್ತದೆ.

ಉದಾಹರಣೆಗೆ ಒಂದು ಪುಸ್ತಿಕೆಯನ್ನು ಕಲ್ಪಿಸಿಕೊಳ್ಳೋಣ. ಹೆಸರು 'ಮುಂಗಾರಿನ ದೋಣಿ', 16 ಪುಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಮಲ್ಪೆಯಲ್ಲಿ ದೋಣಿಗಳೆಲ್ಲ ಬಂದರಿನೊಳಗೆ ಕಟ್ಟಿಕೊಂಡಿವೆ. ಆದರೂ ನಡುರಾತ್ರಿ ಸೇಂಟ್ ಮೇರಿಸ್ ದ್ವೀಪದ ಕಡೆ ಒಂದು ದೋಣಿಯ ದೀಪ ಕಾಣುತ್ತದೆ. ಆಟಗಾರರು ಅದರ ಬೆನ್ನು ಹತ್ತುತ್ತಾರೆ.

ಹಂತ 1: ನಿಯಮ, ಬರಹ, ಹೆಸರು ಎಂದು ಮೂರಾಗಿ ಬಿಡಿಸಿ

ಅರ್ಧಕ್ಕಿಂತ ಹೆಚ್ಚು ಗೊಂದಲ ಹುಟ್ಟುವುದು ಇವು ಮೂರೂ ಒಂದೇ ಎಂದುಕೊಂಡದ್ದರಿಂದ.

ಆಟದ ನಿಯಮದ ಹಿಂದಿನ ವಿಚಾರ ಯಾರ ಸ್ವತ್ತೂ ಅಲ್ಲ. "ಇಪ್ಪತ್ತು ಮುಖದ ದಾಳ ಉರುಳಿಸಿ, ಸಾಮರ್ಥ್ಯದ ಅಂಕ ಕೂಡಿಸಿ, ಗುರಿಯ ಸಂಖ್ಯೆ ದಾಟಿದರೆ ಗೆಲುವು" ಎಂಬ ವಿಧಾನವನ್ನು ನೀವು ನಿಮ್ಮ ಮಾತಿನಲ್ಲಿ ಬರೆದರೆ ಕೃತಿಸ್ವಾಮ್ಯದ (ಕಾಪಿರೈಟ್) ಹೆಸರಿನಲ್ಲಿ ತಡೆಯುವವರಿಲ್ಲ. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಹೇಳಿದೆ. ಅಮೆರಿಕದ ಕಾನೂನು ಕೂಡ ವಿಧಾನ, ಪದ್ಧತಿಗಳನ್ನು ಕೃತಿಸ್ವಾಮ್ಯದಿಂದ ಹೊರಗಿಟ್ಟಿದೆ.

ಬರಹಕ್ಕೆ ಒಡೆಯರಿದ್ದಾರೆ. ನಿಯಮಪುಸ್ತಕದ ವಾಕ್ಯಗಳು, ರಾಕ್ಷಸರ ವರ್ಣನೆ, ಮಂತ್ರಗಳ ವಿವರಣೆ, ಚಿತ್ರ, ನಕ್ಷೆ ಇವೆಲ್ಲ ಕೃತಿಸ್ವಾಮ್ಯಕ್ಕೆ ಒಳಪಟ್ಟವು. ಕನ್ನಡಕ್ಕೆ ಅನುವಾದಿಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಅನುವಾದದ ಹಕ್ಕೂ ಮೂಲದ ಒಡೆಯರದೇ ಎಂದು 1957ರ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. "ಕನ್ನಡದಲ್ಲಿ ಇಲ್ಲವಲ್ಲ, ನಾನು ಮಾಡಿದರೆ ಸೇವೆಯೇ" ಎಂದು ವಾದಿಸುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅನುಮತಿಯಿಲ್ಲದ ಅನುವಾದವನ್ನು ಮಾರಬೇಡಿ. ಕನ್ನಡಕ್ಕೆ ತರಲು ಅನುಮತಿ ಮೊದಲೇ ಕೊಟ್ಟಿರುವ ನಿಯಮಗಳು ಸಾಕಷ್ಟಿವೆ, ಎರಡನೇ ಹಂತದಲ್ಲಿ ಹೇಳುತ್ತೇನೆ.

ಮೂರನೆಯದು ಹೆಸರು ಮತ್ತು ಗುರುತು. ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ ಹೆಸರು, ಅದರ ಲಾಂಛನ ಇವು ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರ ಚಿಹ್ನೆ. ಯಕ್ಷಗಾನದ ತಿಟ್ಟು ಯಾರು ಬೇಕಾದರೂ ಕಲಿಯಬಹುದು, ಆದರೆ ಪ್ರಸಿದ್ಧ ಮೇಳವೊಂದರ ಹೆಸರನ್ನು ನಿಮ್ಮ ಬ್ಯಾನರಿನ ಮೇಲೆ ಬರೆದುಕೊಂಡು ಟಿಕೆಟ್ ಮಾರುವಂತಿಲ್ಲ. ಇದೂ ಹಾಗೆಯೇ.

ಹಂತ 2: ಯಾವ ನಿಯಮದ ಮೇಲೆ ನಿಂತಿದ್ದೀರಿ ಎಂದು ನಿರ್ಧರಿಸಿ

ನಿಯಮಗಳೂ ಪೂರ್ತಿ ನಿಮ್ಮವೇ ಆಗಿದ್ದರೆ ಈ ಹಂತ ದಾಟಿ ಮುಂದೆ ಹೋಗಿ. ಬೇರೆಯವರ ನಿಯಮವನ್ನು ಆಧಾರವಾಗಿಟ್ಟುಕೊಂಡಿದ್ದರೆ ಓದಿ.

ಡಂಜನ್ಸ್ ಆಂಡ್ ಡ್ರಾಗನ್ಸ್ 1974ರಲ್ಲಿ ಬಂದ ಆಟ, ಈಗ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯದು. ಆಟದ ಮೂಲ ನಿಯಮಗಳನ್ನು ಅವರು ಎಸ್‌ಆರ್‌ಡಿ ಎಂಬ ಪ್ರತ್ಯೇಕ ದಸ್ತಾವೇಜಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. 2000ದಿಂದ ಇದು ಓಜಿಎಲ್ ಎಂಬ ಪರವಾನಗಿಯಡಿ ನಡೆಯುತ್ತಿತ್ತು. 2023ರ ಜನವರಿಯಲ್ಲಿ ಹೊಸ, ಬಿಗಿಯಾದ ಓಜಿಎಲ್ ಕರಡೊಂದು ಸೋರಿಕೆಯಾಗಿ ಜಗತ್ತಿನಾದ್ಯಂತ ಆಟಗಾರರು ಸಿಟ್ಟಿಗೆದ್ದರು. ಅದೇ ತಿಂಗಳು 27ರಂದು ಕಂಪನಿ ಸುಮಾರು 400 ಪುಟಗಳ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗಳ ಸಾಲಿನ ಬಿವೈ 4.0ಗೆ ಬಿಟ್ಟುಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 ಕೂಡ ಅದೇ ಪರವಾನಗಿಯಲ್ಲಿ ಬಂತು.

ಬಿವೈ ಎಂದರೆ ಮೂಲದವರ ಹೆಸರು ಹೇಳಿ ಬಳಸಿ ಎಂದು. ಮಾರಬಹುದು, ಬದಲಾಯಿಸಬಹುದು, ಕನ್ನಡಕ್ಕೆ ಅನುವಾದಿಸಬಹುದು. ಷರತ್ತು ಮೂರು: ಮೂಲವನ್ನು ನಮೂದಿಸಬೇಕು, ಪರವಾನಗಿಯ ಕೊಂಡಿ ಕೊಡಬೇಕು, ಬದಲಾವಣೆ ಮಾಡಿದ್ದರೆ ಹಾಗೆಂದು ಹೇಳಬೇಕು. ಪರವಾನಗಿಯನ್ನು ಪಾಲಿಸುವವರೆಗೆ ಅವರು ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಎಸ್‌ಆರ್‌ಡಿಯ ಮೊದಲ ಪುಟದಲ್ಲಿ ಕೃತಜ್ಞತೆಯ ವಾಕ್ಯವನ್ನು ಅವರೇ ಬರೆದುಕೊಟ್ಟಿದ್ದಾರೆ. ಅದನ್ನು ಒಂದಕ್ಷರವೂ ಬದಲಿಸದೆ ಇಂಗ್ಲಿಷಿನಲ್ಲೇ ಹಾಕಿ. ಅದರ ಕೆಳಗೆ "ಮೇಲಿನ ಮೂಲದಿಂದ ಆಯ್ದ ಭಾಗಗಳನ್ನು ಕನ್ನಡಕ್ಕೆ ಅನುವಾದಿಸಿ ಮಾರ್ಪಡಿಸಲಾಗಿದೆ" ಎಂದು ನಿಮ್ಮ ಸಾಲು ಸೇರಿಸಿ. ಇದಕ್ಕಿಂತ ಹೆಚ್ಚಾಗಿ ಕಂಪನಿಯ ಹೆಸರು ಹೇಳಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ರಕ್ಷಾಪುಟದಲ್ಲಿ "ಐದನೇ ಆವೃತ್ತಿಗೆ ಹೊಂದುತ್ತದೆ" ಎಂದು ಹಾಕಬಹುದು, ಅದಕ್ಕೆ ಅನುಮತಿ ಇದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅಂಗಡಿಯಿಂದ ಕೊಂಡ ನಿಯಮಪುಸ್ತಕ ಬೇರೆ, ಎಸ್‌ಆರ್‌ಡಿ ಬೇರೆ. ಪುಸ್ತಕದಲ್ಲಿರುವುದೆಲ್ಲ ಎಸ್‌ಆರ್‌ಡಿಯಲ್ಲಿ ಇಲ್ಲ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಮುಂತಾದ ಹೆಸರಾಂತ ಜೀವಿಗಳ ಅಂಕಪಟ್ಟಿ, ಅಂದರೆ ಆಟದಲ್ಲಿ ಅವುಗಳ ಬಲಾಬಲ ಹೇಳುವ ಸಂಖ್ಯೆಗಳು, ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಬರೆಯುವಾಗ ಪುಸ್ತಕವನ್ನು ಮುಚ್ಚಿಡಿ, ಎಸ್‌ಆರ್‌ಡಿಯ ಪಿಡಿಎಫ್ ಮಾತ್ರ ತೆರೆದಿಡಿ. ಪ್ರತಿ ಜೀವಿ, ಪ್ರತಿ ಮಂತ್ರದ ಎದುರು ಎಸ್‌ಆರ್‌ಡಿಯ ಪುಟಸಂಖ್ಯೆಯನ್ನು ಹಕ್ಕಿನ ಪಟ್ಟಿಯಲ್ಲಿ ಬರೆಯಿರಿ. ಪುಟಸಂಖ್ಯೆ ಸಿಗದಿದ್ದರೆ ಅದನ್ನು ಕೈಬಿಡಿ.

ಬೇರೆ ದಾರಿಗಳೂ ಇವೆ. ಫೇಟ್ ಮತ್ತು ಬ್ಲೇಡ್ಸ್ ಇನ್ ದ ಡಾರ್ಕ್ ಆಟಗಳ ಎಸ್‌ಆರ್‌ಡಿಗಳು ಕ್ರಿಯೇಟಿವ್ ಕಾಮನ್ಸ್ ಬಿವೈ 3.0ರಲ್ಲಿವೆ. ಕಾಳಗಕ್ಕಿಂತ ಕಥೆಗೆ ಒತ್ತು ಕೊಡುವವರಿಗೆ ಇವೇ ಒಗ್ಗುತ್ತವೆ. ನನ್ನ ಕೇಳಿದರೆ, ತಾಳಮದ್ದಳೆ ಕೇಳಿ ಬೆಳೆದವರ ಕೈಗೆ ಫೇಟ್ ಬೇಗ ಕೂರುತ್ತದೆ. ಪಾತ್ಫೈಂಡರ್ ಆಟದ ಪೈಜೊ ಕಂಪನಿಯ ನೇತೃತ್ವದಲ್ಲಿ 2023ರಲ್ಲಿ ಬಂದ ಓಆರ್‌ಸಿ ಪರವಾನಗಿಯೂ ಇದೆ. ಆದರೆ ಅದರಡಿ ಪ್ರಕಟಿಸಿದರೆ ನೀವು ಹೊಸದಾಗಿ ಕಟ್ಟಿದ ನಿಯಮಗಳೂ ಉಳಿದವರಿಗೆ ತೆರೆದುಕೊಳ್ಳುತ್ತವೆ. ನಿಮ್ಮ ಕಥೆ, ಪಾತ್ರ, ಊರಿನ ಹೆಸರುಗಳು ನಿಮ್ಮಲ್ಲೇ ಉಳಿಯುತ್ತವೆ. ಒಪ್ಪಿಗೆಯಿದ್ದರೆ ಮಾತ್ರ ಆರಿಸಿಕೊಳ್ಳಿ.

ಡಿಎಂಸ್ ಗಿಲ್ಡ್ ಎಂಬ ಮಾರಾಟ ವೇದಿಕೆ 2016ರಿಂದ ಇದೆ. ಅಲ್ಲಿ ಮಾತ್ರ ವಿಝರ್ಡ್ಸ್ ಕಂಪನಿಯ ಫರ್ಗಾಟನ್ ರೆಲ್ಮ್ಸ್ ಲೋಕವನ್ನೂ ಬಳಸಿ ಬರೆಯಬಹುದು. ಅದಕ್ಕೆ ಪ್ರತಿಯಾಗಿ ಬೆಲೆಯ ಅರ್ಧ ಭಾಗ ಮಾತ್ರ ನಿಮಗೆ ಸಿಗುತ್ತದೆ ಮತ್ತು ಆ ಕೃತಿಯನ್ನು ಬೇರೆಲ್ಲೂ ಮಾರುವಂತಿಲ್ಲ. ಮಲ್ಪೆಯ ಕಥೆಗೆ ಫರ್ಗಾಟನ್ ರೆಲ್ಮ್ಸ್ ಏಕೆ ಬೇಕು? ಸ್ವಂತ ಲೋಕ ಇರುವವರು ಆ ಬಾಗಿಲಿಗೆ ಹೋಗಬೇಕಾಗಿಲ್ಲ.

ಹಂತ 3: ನಮ್ಮೂರಿನ ಕಥೆಗಳನ್ನು ಬಳಸುವಾಗ

ತುಳುವಿನ ಕಥನಗೀತೆಗಳಾದ ಪಾಡ್ದನಗಳು ಬಾಯಿಂದ ಬಾಯಿಗೆ ಬಂದವು. ಕೋಟಿ-ಚೆನ್ನಯರ ಕಥೆ ಯಾವ ಒಬ್ಬರ ಸ್ವತ್ತೂ ಅಲ್ಲ. ಆದರೆ ವಿದ್ವಾಂಸರೊಬ್ಬರು ಹಾಡುಗಾರ್ತಿಯ ಮುಂದೆ ಕುಳಿತು ಬರೆದುಕೊಂಡು, ಅನುವಾದಿಸಿ, ಟಿಪ್ಪಣಿ ಸೇರಿಸಿ ಮುದ್ರಿಸಿದ ಸಂಪುಟದ ಮಾತುಗಳನ್ನು ಎತ್ತಿ ಹಾಕುವಂತಿಲ್ಲ. ಕಥೆ ತೆಗೆದುಕೊಳ್ಳಿ, ಅವರ ವಾಕ್ಯ ಬೇಡ.

ಲೇಖಕರ ಕೃತಿಗಳಿಗೆ ಭಾರತದಲ್ಲಿ ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ರಕ್ಷಣೆ ಇದೆ. ಈ 60 ವರ್ಷದ ಲೆಕ್ಕ ಶುರುವಾಗುವುದು ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ ಈಗ ಎಲ್ಲರದು. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು, ಅವರ ಕೃತಿಗಳು 2057ರ ಕೊನೆಯವರೆಗೂ ರಕ್ಷಿತ. ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದು ಎಂಬ ದಾವೆ ಉಡುಪಿಯ ಜಿಲ್ಲಾ ನ್ಯಾಯಾಲಯದಿಂದ ಹೊರಟು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2009ರಲ್ಲಿ ತೀರ್ಪು ಕಂಡಿತು. "ಯಕ್ಷಗಾನ ಎಲ್ಲರದಲ್ಲವೇ" ಎಂದು ಸುಮ್ಮನಾಗುವವರು ಆ ತೀರ್ಪನ್ನು ಓದಬೇಕು. ಕಲೆ ಎಲ್ಲರದು, ಆದರೆ ಒಬ್ಬರು ಬರೆದ ಪ್ರಸಂಗ, ಒಬ್ಬರು ರಚಿಸಿದ ರಂಗರೂಪ ಅವರದು. ಹೊಸ ಪ್ರಸಂಗದ ಪದ್ಯವನ್ನು ನಿಮ್ಮ ಪುಸ್ತಿಕೆಯಲ್ಲಿ ಬಳಸುವ ಮುನ್ನ ಪ್ರಸಂಗಕರ್ತರನ್ನು ಕಂಡು ಕೇಳಿ.

ಹಳೆಯ ಪದಗಳಿಗೆ ಕಿಟ್ಟೆಲರ ನಿಘಂಟಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾದ ಆ ಪುಸ್ತಕ ಈಗ ಮುಕ್ತ. ಆಯುಧ, ದೋಣಿ, ಬಲೆ, ಗಿಡಮೂಲಿಕೆಗಳಿಗೆ ಹೆಸರು ಹುಡುಕುವಾಗ ನಾನು ಮೊದಲು ಅದನ್ನೇ ತೆರೆಯುತ್ತೇನೆ.

ಇನ್ನು ದೈವಗಳ ವಿಷಯ. ಇಲ್ಲಿ ಕೃತಿಸ್ವಾಮ್ಯದ ಪ್ರಶ್ನೆ ಏಳುವುದಿಲ್ಲ, ಆದರೂ ಹಂತ ದಾಟುವ ಮುನ್ನ ನಿಂತು ಯೋಚಿಸಬೇಕು. ಪಂಜುರ್ಲಿ, ಗುಳಿಗ, ಕೊರಗಜ್ಜ ಇವರು ಪುರಾಣದ ಪಾತ್ರಗಳಲ್ಲ, ಇಂದಿಗೂ ಮನೆಮನೆಯಲ್ಲಿ ನಂಬುವ ಶಕ್ತಿಗಳು. ಅವರಿಗೆ ಪ್ರಾಣಾಂಕ (ಎಷ್ಟು ಪೆಟ್ಟು ತಾಳಬಹುದು ಎಂಬ ಸಂಖ್ಯೆ) ಹಾಕಿ, ಆಟಗಾರರು ಹೊಡೆದು ಬೀಳಿಸಬಹುದಾದ ಶತ್ರುವಾಗಿ ಬರೆಯಬೇಡಿ. ನೇಮದ, ಅಂದರೆ ದೈವಾರಾಧನೆಯ, ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಮುಖವರ್ಣಿಕೆಯ ಚಿತ್ರವನ್ನು ರಕ್ಷಾಪುಟಕ್ಕೆ ಹಾಕಬೇಡಿ. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ, ನಮ್ಮ ನೆರೆಮನೆಯ ಅಜ್ಜಿ ಸಂಜೆ ದೀಪ ಇಡುವ ಕಲ್ಲನ್ನು ನಾವು ದಾಳಕ್ಕೆ ಇಳಿಸಬಾರದು ಎಂಬುದು.

ಹಾಗೆಂದು ಕಥೆ ಬಡವಾಗಬೇಕಾಗಿಲ್ಲ. 'ಮುಂಗಾರಿನ ದೋಣಿ'ಯಲ್ಲಿ ನೀವೇ ಒಂದು ಶಕ್ತಿಯನ್ನು ಕಟ್ಟಿ. ಹೆಸರು ಅಳಿವೆಯ ಕಾವಲು ಎಂದಿರಲಿ. ಅದಕ್ಕೆ ಅಂಕಗಳಿಲ್ಲ. ಹೊಳೆ ಸಮುದ್ರ ಸೇರುವ ಜಾಗದಲ್ಲಿ ಯಾರೋ ಕೊಟ್ಟು ತಪ್ಪಿದ ಮಾತೊಂದಿದೆ. ಆ ಮಾತು ಯಾರದು ಎಂದು ಕಂಡುಹಿಡಿದು ತೀರಿಸುವವರೆಗೆ ದೋಣಿ ದಡ ಸೇರುವುದಿಲ್ಲ. ಹೆಸರೂ ನಿಮ್ಮದು, ಕಥೆಯೂ ನಿಮ್ಮದು. ಹಕ್ಕಿನ ಪಟ್ಟಿಯ ಮೂಲದ ಅಂಕಣದಲ್ಲಿ "ಸ್ವಂತ" ಎಂದು ನಿಶ್ಚಿಂತೆಯಿಂದ ಬರೆಯಬಹುದು.

ಹಂತ 4: ಚಿತ್ರ ಬರೆದವರಿಂದ ಕಾಗದ ಮಾಡಿಸಿಕೊಳ್ಳಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ.

ನನ್ನ ಮೊದಲ ಪುಸ್ತಿಕೆಗೆ ನಕ್ಷೆ ಬರೆದುಕೊಟ್ಟ ಗೆಳೆಯನಿಂದ ನಾನು ಕಾಗದ ಮಾಡಿಸಿಕೊಂಡಿರಲಿಲ್ಲ. ಅವನು ಕೆಲಸಕ್ಕೆಂದು ಗಲ್ಫಿಗೆ ಹೋದ. ಎರಡನೇ ಮುದ್ರಣದ ಹೊತ್ತಿಗೆ ಅವನನ್ನು ಹುಡುಕಿ ಒಪ್ಪಿಗೆ ಪಡೆಯಲು ಮೂರು ತಿಂಗಳು ಹಿಡಿಯಿತು. ಸ್ನೇಹ ಇತ್ತು, ಕಾಗದ ಇರಲಿಲ್ಲ.

ನಮ್ಮ ಕಾಯಿದೆಯಲ್ಲಿ ಹೆಚ್ಚಿನವರಿಗೆ ತಿಳಿಯದ ಮೂರು ಅಂಶಗಳಿವೆ. ಹಕ್ಕಿನ ವರ್ಗಾವಣೆಯಾಗಲಿ ಪರವಾನಗಿಯಾಗಲಿ ಬರಹದಲ್ಲಿಯೇ ಇರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಇದು 19ನೇ ಕಲಮು, 30ಎ ಕಲಮಿನ ಮೂಲಕ ಪರವಾನಗಿಗೂ ಅನ್ವಯ. ಅಂದರೆ "ಚಿತ್ರ ಬಳಸಿಕೊಳ್ಳಿ, ನನ್ನ ಒಪ್ಪಿಗೆ ಇದೆ" ಎಂಬ ಒಂದು ಸಾಲಿನ ಪತ್ರ ಇಟ್ಟುಕೊಂಡು ನೀವು ಪಿಡಿಎಫ್ ಅನ್ನು ಅಮೆರಿಕದ ಓದುಗನಿಗೆ ಮಾರಿದರೆ ಆ ಪತ್ರ ನಿಮ್ಮ ನೆರವಿಗೆ ಬರುವುದಿಲ್ಲ. ಇದರ ಜೊತೆಗೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದುಕೊಂಡಿರದಿದ್ದರೆ.

ನಾನು ಈಗ ಬಳಸುವ ಪತ್ರ ಹೀಗಿದೆ, ನಿಮ್ಮ ವಿವರ ತುಂಬಿಕೊಳ್ಳಿ:

"'ಮುಂಗಾರಿನ ದೋಣಿ' ಎಂಬ ಆಟದ ಪುಸ್ತಕಕ್ಕಾಗಿ ನಾನು ಬರೆದ ಮುಖಪುಟ ಚಿತ್ರ 1, ಒಳಚಿತ್ರ 3, ನಕ್ಷೆ 1 ಇವುಗಳನ್ನು ಆ ಪುಸ್ತಕದ ಮುದ್ರಿತ ಮತ್ತು ಡಿಜಿಟಲ್ ಆವೃತ್ತಿಗಳಲ್ಲಿ, ಅದರ ಅನುವಾದಗಳಲ್ಲಿ ಹಾಗೂ ಅದರ ಪ್ರಚಾರಕ್ಕೆ ಬಳಸಲು ಲೇಖಕರಾದ ______ ಅವರಿಗೆ ಪರವಾನಗಿ ನೀಡಿದ್ದೇನೆ. ಈ ಪರವಾನಗಿ ಜಗತ್ತಿನ ಎಲ್ಲ ದೇಶಗಳಿಗೂ, ಚಿತ್ರಗಳ ಕೃತಿಸ್ವಾಮ್ಯದ ಪೂರ್ಣ ಅವಧಿಗೂ ಅನ್ವಯಿಸುತ್ತದೆ. ಒಂದು ವರ್ಷದೊಳಗೆ ಬಳಸದಿದ್ದರೂ ರದ್ದಾಗುವುದಿಲ್ಲ. ಚಿತ್ರಗಳ ಕೃತಿಸ್ವಾಮ್ಯ ನನ್ನಲ್ಲೇ ಉಳಿಯುತ್ತದೆ. ಸಂಭಾವನೆಯಾಗಿ ₹______ ಪಡೆದಿದ್ದೇನೆ. ಪುಸ್ತಕದಲ್ಲಿ ನನ್ನ ಹೆಸರು ಹೀಗೆ ಬರಬೇಕು: ______."

ಕೆಳಗೆ ಇಬ್ಬರ ಸಹಿ, ದಿನಾಂಕ, ಊರು. ಸಂಭಾವನೆಯ ಜಾಗವನ್ನು ಖಾಲಿ ಬಿಡಬೇಡಿ. ಗೆಳೆಯರಾದರೂ ಕೈಲಾದಷ್ಟು ಹಣ ಕೊಡಿ. ಇಂತಹ ಪುಸ್ತಿಕೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ದುಡಿಯುವುದು ಚಿತ್ರಕಾರರೇ.

ಫೋಟೊ ಬಳಸುವುದಾದರೆ ತೆಗೆದವರ ಒಪ್ಪಿಗೆ ಬೇಕು, ಫೋಟೊದಲ್ಲಿ ವೇಷ ಹಾಕಿ ನಿಂತ ಕಲಾವಿದರನ್ನೂ ಕೇಳಿ. ಜಾಲತಾಣಗಳಿಂದ ಕ್ರಿಯೇಟಿವ್ ಕಾಮನ್ಸ್ ಚಿತ್ರ ಇಳಿಸಿಕೊಂಡಾಗ ಅದರ ಕೆಳಗಿನ ಪರವಾನಗಿಯ ಸಾಲನ್ನು ಅಂದೇ ಪಟ್ಟಿಗೆ ನಕಲಿಸಿ. ಎನ್‌ಸಿ ಎಂದಿದ್ದರೆ ವಾಣಿಜ್ಯ ಬಳಕೆ ಇಲ್ಲ ಎಂದರ್ಥ, 20 ರೂಪಾಯಿಯ ಪುಸ್ತಿಕೆಗೂ ಅದನ್ನು ಹಾಕುವಂತಿಲ್ಲ. ಎನ್‌ಡಿ ಎಂದಿದ್ದರೆ ಬದಲಾಯಿಸಿ ಹಂಚುವಂತಿಲ್ಲ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದ್ದರೆ ಮುಚ್ಚಿಡಬೇಡಿ. ಮಾರಾಟ ವೇದಿಕೆಗಳು ಅದನ್ನು ಗುರುತಿಸಿ ಹೇಳಬೇಕೆಂದು ಕೇಳುತ್ತವೆ.

ಹಂತ 5: ನಿಮ್ಮ ಪುಸ್ತಕವನ್ನು ಉಳಿದವರು ಹೇಗೆ ಬಳಸಬಹುದು ಎಂದು ಬರೆಯಿರಿ

ಬರೆದ ಕ್ಷಣದಿಂದ ಕೃತಿಸ್ವಾಮ್ಯ ನಿಮ್ಮದೇ, ನೋಂದಣಿ ಕಡ್ಡಾಯವಲ್ಲ. ವಿವಾದ ಬಂದಾಗ ಪುರಾವೆಯಾಗಲಿ ಎನ್ನುವವರು ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಸಾಹಿತ್ಯ ಕೃತಿಯಾಗಿ ₹500 ಕೊಟ್ಟು ನೋಂದಾಯಿಸಬಹುದು. ಆಕ್ಷೇಪಣೆಗೆಂದು 30 ದಿನ ಕಾಯಿಸುತ್ತಾರೆ.

ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಳ್ಳಬಹುದು, ಅಥವಾ ನೀವೂ ಬಿವೈ ಪರವಾನಗಿ ಕೊಟ್ಟು ತೆರೆದಿಡಬಹುದು. ನನ್ನ ಸಲಹೆ ನಡುವಿನದು: ನಿಯಮಗಳನ್ನು ಬಿವೈ 4.0ಗೆ ಬಿಡಿ, ಕಥೆ ಮತ್ತು ಚಿತ್ರಗಳನ್ನು ಕಾಯ್ದಿರಿಸಿ. ಕನ್ನಡದಲ್ಲಿ ಇಂತಹ ನಿಯಮಗಳು ಇರುವುದೇ ಕೆಲವು. ಒಬ್ಬರು ಅನುವಾದಿಸಿದ ಪದಾವಳಿ ಮತ್ತೊಬ್ಬರಿಗೆ ಸಿಗದಿದ್ದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಇಲ್ಲೊಂದು ಎಚ್ಚರ. "ಈ ಪುಸ್ತಕ ಬಿವೈ 4.0ರಡಿ ಇದೆ" ಎಂದು ಒಟ್ಟಾಗಿ ಬರೆದರೆ ಚಿತ್ರಕಾರರ ಕೆಲಸವನ್ನೂ ನೀವೇ ಹಂಚಿದಂತಾಗುತ್ತದೆ. ಅವರ ಪತ್ರದಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ. "4ರಿಂದ 9ನೇ ಪುಟದ ನಿಯಮಭಾಗಕ್ಕೆ ಮಾತ್ರ" ಎಂದು ಪುಟಸಂಖ್ಯೆ ಹಾಕಿಯೇ ಬರೆಯಿರಿ. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಹಿಂಪಡೆಯಲಾಗದು.

ಹಂತ 6: ಆಡಿಸಿ ನೋಡಿ, ಆಮೇಲೆ ಪುಟ ಕಟ್ಟಿ

ನೀವಿಲ್ಲದ ಗುಂಪಿಗೆ ಪುಸ್ತಿಕೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರಹ ತಿದ್ದಬೇಕು.

ಪುಟ ಕಟ್ಟುವಾಗ ಯುನಿಕೋಡ್ ಅಕ್ಷರ ಮಾತ್ರ ಬಳಸಿ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಫಾಂಟಿನಲ್ಲಿ ಹೊಂದಿಸುವುದುಂಟು. ಕಾಗದದ ಮೇಲೆ ಅದು ಸುಂದರವಾಗಿಯೇ ಕಾಣುತ್ತದೆ, ಆದರೆ ಪಿಡಿಎಫ್‌ನಲ್ಲಿ "ದೋಣಿ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆಟದ ನಡುವೆ ನಿಯಮ ಹುಡುಕುವವರಿಗೆ ಇದು ದೊಡ್ಡ ತೊಂದರೆ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒತ್ತಕ್ಷರ, ಅರ್ಕಾವತ್ತು ಇರುವ ಒಂದು ಸಾಲು ನಕಲು ಮಾಡಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ.

ಫಾಂಟಿಗೂ ಪರವಾನಗಿ ಇದೆ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವು ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿಯಲ್ಲಿವೆ, ಮಾರಾಟದ ಪುಸ್ತಕದಲ್ಲಿ ಹಾಕಲು ಅಡ್ಡಿಯಿಲ್ಲ. ಲಿಬ್ರೆ ಆಫೀಸ್ ರೈಟರ್ ಅಥವಾ ಸ್ಕ್ರೈಬಸ್ ಸಾಕು, ಎರಡೂ ಉಚಿತ. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುವುದಿಲ್ಲ. ಅಂಕಪಟ್ಟಿಗಳಲ್ಲಿ ಇದು ಎದ್ದು ಕಾಣುತ್ತದೆ.

ಹಂತ 7: ಐಎಸ್‌ಬಿಎನ್

ಪುಸ್ತಕದ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ ಇದು. ಭಾರತದಲ್ಲಿ ಪೂರ್ತಿ ಉಚಿತ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. "ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವವರಿಗೆ ಕೊಡಬೇಡಿ. ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಪಿಡಿಎಫ್ ಮಾತ್ರ ಮಾರುವ ಸಣ್ಣ ಪುಸ್ತಿಕೆಗೆ ಇದಿಲ್ಲದೆಯೂ ನಡೆಯುತ್ತದೆ.

ಹಂತ 8: ಮುದ್ರಣ

ಎ5 ಅಳತೆಯ 16 ಪುಟ ಎಂದರೆ ನಾಲ್ಕು ಎ4 ಹಾಳೆ, ಎರಡೂ ಬದಿ. ನಡುವೆ ಮಡಿಸಿ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕವಾಗಿಯೇ ಇರಬೇಕು. 18 ಪುಟ ಬರೆದು ಪ್ರೆಸ್ಸಿಗೆ ಹೋದರೆ ಎರಡು ಪುಟ ಖಾಲಿ ಬೀಳುತ್ತದೆ. ನೂರಿನ್ನೂರು ಪ್ರತಿಗಳಿಗೆ ಡಿಜಿಟಲ್ ಮುದ್ರಣ ಸಾಕು, ಆಫ್‌ಸೆಟ್ ಬೇಕಾಗುವುದು ಅದಕ್ಕಿಂತ ತುಂಬ ಹೆಚ್ಚು ಹಾಕುವಾಗ. ದೊಡ್ಡ ಪುಸ್ತಕವಾದರೆ ಡೆಮಿ 1/8 ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ ಎಂದರೆ ಇಲ್ಲಿನ ಯಾವ ಪ್ರೆಸ್ಸಿನವರಿಗೂ ಅರ್ಥವಾಗುತ್ತದೆ. ಪಾತ್ರದ ವಿವರ ತುಂಬುವ ಹಾಳೆಗಳನ್ನು ಮಾತ್ರ ದಪ್ಪ ಕಾಗದದಲ್ಲಿ ಹಾಕಿಸಿ. ಪೆನ್ಸಿಲಿನಲ್ಲಿ ಬರೆದು ಅಳಿಸಿ ತೆಳು ಕಾಗದ ಎರಡೇ ಸಂಜೆಯಲ್ಲಿ ಹರಿಯುತ್ತದೆ.

ಕರಾವಳಿಯಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ. ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲಿ ತಂದ ಕಟ್ಟನ್ನು ನಾನು ಆಗಸ್ಟ್‌ನಲ್ಲಿ ಬಿಚ್ಚಿದಾಗ ನಡುಪುಟದಲ್ಲಿ ಎರಡು ಕಂದು ಕಲೆ, ಬೆರಳು ತಾಗಿದರೆ ಕಾಗದ ಅಲ್ಲೇ ಕಿತ್ತುಬರುತ್ತಿತ್ತು. ಅಂದಿನಿಂದ ನೂಲಿನ ಹೊಲಿಗೆ ಹಾಕಿಸುತ್ತೇನೆ. ಮಳೆಗಾಲ ಕಳೆದ ಮೇಲೆ ಮುದ್ರಿಸಿ, ಇಟ್ಟುಕೊಳ್ಳುವ ಪ್ರತಿಗಳನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ನೆಲದಿಂದ ಮೇಲೆ ಇಡಿ.

ಹಕ್ಕುಪುಟದಲ್ಲಿ ಇವಿಷ್ಟು ಇರಲಿ: ಶೀರ್ಷಿಕೆ, ಲೇಖಕರು, ಮೊದಲ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ, ಚಿತ್ರಕಾರರ ಹೆಸರು, ಪ್ರಕಾಶಕರು ಮತ್ತು ಮುದ್ರಕರ ಹೆಸರು ವಿಳಾಸ, ಎಸ್‌ಆರ್‌ಡಿಯ ಕೃತಜ್ಞತಾ ವಾಕ್ಯ, ಫಾಂಟಿನ ಹೆಸರು, ನಿಮ್ಮ ಪರವಾನಗಿಯ ಸಾಲು. ಹಕ್ಕಿನ ಪಟ್ಟಿ ಸರಿಯಾಗಿದ್ದರೆ ಈ ಪುಟ ಹತ್ತು ನಿಮಿಷದ ಕೆಲಸ.

ಹಂತ 9: ಮಾರಾಟ ಮತ್ತು ಹಣ

ಹೊರದೇಶದ ಓದುಗರಿಗೆ ಎರಡು ವೇದಿಕೆ ಮುಖ್ಯ. ಇಚ್ ಡಾಟ್ ಐಒದಲ್ಲಿ ವೇದಿಕೆಯ ಪಾಲನ್ನು ನೀವೇ ನಿಗದಿ ಮಾಡಬಹುದು, ಸಾಮಾನ್ಯವಾಗಿ ಶೇ 10. ಡ್ರೈವ್‌ಥ್ರೂ ಆರ್‌ಪಿಜಿ ಹೆಚ್ಚು ಪಾಲು ಹಿಡಿಯುತ್ತದೆ, ಆದರೆ ಆರ್‌ಪಿಜಿಗೆಂದೇ ಬರುವ ಗಿರಾಕಿಗಳು ಅಲ್ಲಿ ಹೆಚ್ಚು. ಅಲ್ಲಿ ಮಾತ್ರ ಮಾರುತ್ತೇನೆಂದು ಒಪ್ಪಿದರೆ ಹೆಚ್ಚು ಶೇಕಡಾ ಕೊಡುತ್ತಾರೆ. ಮೊದಲ ಪುಸ್ತಕಕ್ಕೆ ಹಾಗೆ ಕಟ್ಟಿಹಾಕಿಕೊಳ್ಳಬೇಡಿ.

ಇಚ್‌ನಲ್ಲಿ ತೆರಿಗೆಯ ಪ್ರಶ್ನಾವಳಿ ಬರುತ್ತದೆ. ಅದರಲ್ಲಿ ಡಬ್ಲ್ಯೂ-8 ಬೆನ್ ಎಂಬ ಭಾಗವಿದೆ: ನಾನು ಅಮೆರಿಕದವನಲ್ಲ, ಭಾರತದ ನಿವಾಸಿ ಎಂಬ ಹೇಳಿಕೆ. ಇದನ್ನು ತುಂಬದಿದ್ದರೆ ಅಮೆರಿಕದಲ್ಲಿ ಹುಟ್ಟಿದ ರಾಯಧನದ ಮೇಲೆ ಶೇ 30 ಕಡಿತ. ಪ್ಯಾನ್ ಸಂಖ್ಯೆ ಕೊಟ್ಟು, ಭಾರತ-ಅಮೆರಿಕ ತೆರಿಗೆ ಒಪ್ಪಂದದ 12ನೇ ವಿಧಿಯ ಲಾಭ ಕೇಳಿದರೆ ಶೇ 15ಕ್ಕೆ ಇಳಿಯುತ್ತದೆ. ಬಹಳ ಜನ ಈ ಪುಟವನ್ನು ಓದದೆ ಮುಂದೆ ಒತ್ತುತ್ತಾರೆ, ಆಮೇಲೆ ಹಣ ಕಡಿಮೆ ಬಂತೆಂದು ಕೊರಗುತ್ತಾರೆ. ಕಡಿತವಾದ ತೆರಿಗೆಗೆ ಇಲ್ಲಿ ರಿಟರ್ನ್ಸ್ ಸಲ್ಲಿಸುವಾಗ ವಿನಾಯಿತಿ ಕೇಳಬಹುದು, ನಿಮ್ಮ ಸಿಎಯವರಿಗೆ ಕಾಗದ ತೋರಿಸಿ. ಪೇಪಾಲ್ ಮೂಲಕ ಹಣ ಬರುವಾಗ ಯಾವ ಬಾಬ್ತಿನದು ಎಂಬ ಸಂಕೇತ ಆರಿಸಬೇಕಾಗುತ್ತದೆ. ಸರಿಯಾದದ್ದನ್ನೇ ಆರಿಸಿ, ಬ್ಯಾಂಕಿನ ರಸೀದಿಗಳನ್ನು ಜೋಪಾನವಾಗಿಡಿ.

ನಮ್ಮವರಿಗೆ ಮಾರುವ ದಾರಿ ಬೇರೆಯೇ ಆಗಬೇಕು. 2021ರ ಏಪ್ರಿಲ್‌ನಿಂದ ಪೇಪಾಲ್ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬಹುತೇಕರು ತೆರೆದಿಟ್ಟಿರುವುದಿಲ್ಲ. ಕುಂದಾಪುರದ ಕಾಲೇಜು ಹುಡುಗಿ ಡಾಲರಿನಲ್ಲಿ ಹಣ ಕಟ್ಟಬೇಕೆಂದರೆ ಪುಸ್ತಕ ಕೊಳ್ಳುವುದನ್ನೇ ಬಿಡುತ್ತಾಳೆ. ಯುಪಿಐಯಲ್ಲಿ ಹಣ ಪಡೆದು ಪಿಡಿಎಫ್ ಅನ್ನು ಇಮೇಲ್ ಮಾಡಿ, ಮುದ್ರಿತ ಪ್ರತಿಯನ್ನು ಅಂಚೆಯಲ್ಲಿ ಕಳಿಸಿ. ಪುಸ್ತಕಗಳಿಗೆಂದು 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಅಗ್ಗದ ಸೇವೆ ಇದೆ, ನಿಮ್ಮ ಪುಸ್ತಿಕೆ ಅದಕ್ಕೆ ಸಲ್ಲುತ್ತದೆಯೇ ಎಂದು ಕೌಂಟರಿನಲ್ಲಿ ಒಂದು ಪ್ರತಿ ತೋರಿಸಿ ಕೇಳಿ. ಅದಕ್ಕೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು. ಪುಸ್ತಕದಂಗಡಿಗೆ ಕೊಟ್ಟರೆ ಬೆಲೆಯ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಅವರ ಪಾಲಾಗುವುದುಂಟು. ಬೆಲೆ ಹಾಕುವಾಗಲೇ ಇದನ್ನು ಲೆಕ್ಕ ಹಿಡಿಯಿರಿ.

ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ. ಆದರೆ ಪುಸ್ತಕದ ಜೊತೆ ದಾಳ, ಕಾರ್ಡು, ಬಿಲ್ಲೆಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಿದರೆ ಅದು ಆಟದ ಸಾಮಾನಾಗಬಹುದು, ಅದಕ್ಕೆ ತೆರಿಗೆ ಇದೆ. ಮೊದಲ ಸಲಕ್ಕೆ ಪುಸ್ತಕ ಮಾತ್ರ ಮಾರಿ, ದಾಳ ಅವರೇ ತಂದುಕೊಳ್ಳಲಿ.

ಹಂತ 10: ಗ್ರಂಥಾಲಯದ ಪ್ರತಿಗಳು

ಇದನ್ನು ಸ್ವಯಂ ಪ್ರಕಾಶಕರು ಮರೆಯುವುದೇ ಹೆಚ್ಚು. 1954ರ ಕಾಯಿದೆಯಂತೆ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಹಾಗೆಯೇ ಚೆನ್ನೈನ ಕನ್ನೆಮರ, ಮುಂಬೈ ಮತ್ತು ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಪ್ರಕಾಶಕರ ಖರ್ಚಿನಲ್ಲೇ ಕಳಿಸಬೇಕು. ನೂರು ಪ್ರತಿ ಹಾಕಿಸುವಾಗ ನಾಲ್ಕನ್ನು ಅದಕ್ಕೆಂದು ತೆಗೆದಿಡಿ. ಕಳಿಸಿದ ಅಂಚೆ ರಸೀದಿಗಳನ್ನು ಚಿತ್ರಕಾರರ ಪತ್ರದ ಜೊತೆ ಅದೇ ನೋಟುಪುಸ್ತಕದ ಹಿಂದಿನ ಲಕೋಟೆಯಲ್ಲಿ ಹಾಕಿ. ಎರಡನೇ ಮುದ್ರಣಕ್ಕೆ ಪ್ರೆಸ್ಸಿಗೆ ಹೋಗುವ ದಿನ ಆ ಲಕೋಟೆಯನ್ನೂ ಕೈಯಲ್ಲಿ ಹಿಡಿದು ಹೋಗಿ.